ಜಾತ್ರೆಯ ವರ್ಷ, ಬೇಡರ ವರ್ಷ: ಶಿರಸಿಯ ನಗರಾಡಳಿತ ಕುರಿತು ಒಂದು ಜಾನಪದೀಯ ಪರಿಶೀಲನೆ

ನಗರ ಸ್ಥಳೀಯ ಸಂಸ್ಥೆಯೊಂದರ ವರ್ಷದ ಸಾಧನೆಯನ್ನು ಅರಿಯಬಯಸುವವರು ಮೊದಲು ಬಿಚ್ಚುವುದು ಆಯವ್ಯಯ ಪತ್ರಿಕೆಯನ್ನು, ಅನಂತರ ವಾರ್ಷಿಕ ಆಡಳಿತ ವರದಿಯನ್ನು. ಎಷ್ಟು ಕಿಲೋಮೀಟರ್ ಚರಂಡಿ ನಿರ್ಮಾಣವಾಯಿತು, ಎಷ್ಟು ನಲ್ಲಿ ಸಂಪರ್ಕಗಳನ್ನು ಕೊಡಲಾಯಿತು, ಮನೆಗಂದಾಯದ ಬೇಡಿಕೆಯಲ್ಲಿ ಶೇಕಡಾ ಎಷ್ಟು ವಸೂಲಾಯಿತು ಎಂಬ ಅಂಕಿಗಳಿಂದ ಊರಿನ ಒಂದು ಚಿತ್ರ ಮೂಡುತ್ತದೆ. ಆ ಚಿತ್ರ ಸುಳ್ಳೇನೂ ಅಲ್ಲ. ಆದರೆ ಊರಿನ ಜನ ತಮ್ಮ ಊರು ಮುಂದುವರಿಯಿತೋ ಹಿಂದೆ ಸರಿಯಿತೋ ಎಂದು ಲೆಕ್ಕ ಹಾಕುವ ಕ್ರಮ ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ‘ಹೋದ ಜಾತ್ರೆಗೆ ಈ ರಸ್ತೆ ಇರಲಿಲ್ಲ’, ‘ಆ ಜಾತ್ರೆಯಲ್ಲಿ ನೀರಿಗೆ ಪರದಾಡಿದ್ದೆವು’ ಎಂಬ ಬಗೆಯ ಮಾತುಗಳಲ್ಲಿ ಕಾಲವನ್ನು ಅಳೆಯುವ ಕೋಲು ಏಪ್ರಿಲ್ ಒಂದನೆಯ ತಾರೀಖಲ್ಲ. ಈ ಎರಡು ಬಗೆಯ ಲೆಕ್ಕಗಳು ಒಂದೇ ಊರಿನಲ್ಲಿ ಹೇಗೆ ಅಕ್ಕಪಕ್ಕದಲ್ಲಿ ನಡೆದು ಬಂದಿವೆ, ಎಲ್ಲಿ ಒಂದನ್ನೊಂದು ಮುಟ್ಟುತ್ತವೆ, ಎಲ್ಲಿ ಮುಟ್ಟದೆ ಉಳಿಯುತ್ತವೆ ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಶಿರಸಿ ನಗರವನ್ನು ನಿದರ್ಶನವಾಗಿ ಇರಿಸಿಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಶಿರಸಿಯನ್ನು ಆರಿಸಿಕೊಳ್ಳಲು ಒಂದು ವಿಶೇಷ ಕಾರಣವಿದೆ. ಈ ಊರಿನ ವರ್ಷಗಳು ಜೋಡಿ ಜೋಡಿಯಾಗಿ ಬರುತ್ತವೆ. ಒಂದು ವರ್ಷ ಫಾಲ್ಗುಣ ಮಾಸದಲ್ಲಿ ಮಾರಿಕಾಂಬೆಯ ಜಾತ್ರೆ. ಮರುವರ್ಷ ಜಾತ್ರೆಯಿಲ್ಲ, ಅದರ ಬದಲು ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿಗಳಲ್ಲಿ ಬೇಡರ ವೇಷ. 2020, 2022, 2024 ಜಾತ್ರೆಯ ವರ್ಷಗಳು. ನಡುವಣ ಬೆಸ ಸಂಖ್ಯೆಯ ವರ್ಷಗಳು ಬೇಡರವು. ಹೀಗೆ ಎರಡು ಆಚರಣೆಗಳು ಸರದಿಯಂತೆ ಊರಿನ ಬೀದಿಗಳನ್ನು ವಹಿಸಿಕೊಳ್ಳುವ ವ್ಯವಸ್ಥೆ ಕರ್ನಾಟಕದ ಬೇರೆ ನಗರಗಳಲ್ಲಿ ವಿರಳ. ಎರಡೂ ಆಚರಣೆಗಳ ಕಥಾವಸ್ತು ಊರಿನ ಆಡಳಿತಕ್ಕೆ ಹತ್ತಿರವಾದುದು ಎಂಬುದು ಇನ್ನೂ ಗಮನಾರ್ಹ. ಒಂದರದು ಊರಿನ ಆರೋಗ್ಯ; ಇನ್ನೊಂದರದು ಊರು ನೇಮಿಸಿದ ಅಧಿಕಾರ.

ಪೇಟೆಯಿಂದ ನಗರಸಭೆಗೆ

ಸಹ್ಯಾದ್ರಿಯ ಮೇಲ್ಭಾಗದ ಈ ಪೇಟೆ ಬೆಳೆದುದು ಅಡಕೆ, ಕಾಳುಮೆಣಸು, ಏಲಕ್ಕಿಗಳ ವ್ಯಾಪಾರದಿಂದ. ಘಟ್ಟದ ಕೆಳಗಿನ ಕುಮಟೆಯ ಬಂದರಿಗೂ ಘಟ್ಟದ ಮೇಲಿನ ಬಯಲುಸೀಮೆಗೂ ನಡುವೆ ಸರಕು ಇಳಿಸಿ ಏರಿಸುವ ತಾಣವಾಗಿ ಅದಕ್ಕೆ ಮಹತ್ತ್ವ ಬಂದಿತು. ಸೋದೆಯ ಅರಸರ ಕಾಲದಲ್ಲಿ ಸಣ್ಣ ಊರಾಗಿದ್ದ ಶಿರಸಿ, ಬ್ರಿಟಿಷ್ ಆಡಳಿತದಲ್ಲಿ ಮೊದಲು ಮದರಾಸು ಪ್ರಾಂತಕ್ಕೂ 1862ರ ನಂತರ ಮುಂಬಯಿ ಪ್ರಾಂತಕ್ಕೂ ಸೇರಿದ ಜಿಲ್ಲೆಯ ಭಾಗವಾಯಿತು. 1860ರ ದಶಕದಲ್ಲಿಯೇ ಇಲ್ಲಿ ಮುನಿಸಿಪಾಲಿಟಿ ಸ್ಥಾಪನೆಗೊಂಡಿತು. ಸ್ಥಳೀಯ ಸ್ವಯಮಾಡಳಿತದ ಬಗೆಗೆ ಲಾರ್ಡ್ ರಿಪ್ಪನ್ ಹೊರಡಿಸಿದ ಪ್ರಸಿದ್ಧ ನಿರ್ಣಯ 1882ರದು ಎಂಬುದನ್ನು ನೆನೆದರೆ, ಈ ಮಲೆನಾಡಿನ ಪೇಟೆಯ ಪುರಸಭೆಯ ಹಳಮೆ ತಿಳಿಯುತ್ತದೆ. ಇಂದಿಗೂ ಈ ಭಾಗದ ಹಿರಿಯರ ಮಾತಿನಲ್ಲಿ ಸಭೆಯ ತೀರ್ಮಾನ ‘ಠರಾವು’ ಆಗಿಯೇ ಉಳಿದಿರುವುದು ಮುಂಬಯಿ ಆಡಳಿತದ ಕುರುಹು. 1923ರಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘ ಅಡಕೆಯ ವಹಿವಾಟನ್ನು ಬೆಳೆಗಾರರ ಕೈಗೆ ತಂದುಕೊಟ್ಟಿತು. ಪೇಟೆಯ ಹಣಕಾಸಿನ ಸ್ಥಿರತೆಗೆ ಆ ಸಂಸ್ಥೆ ಮಾಡಿದ ಕೆಲಸ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು.

ರಾಜ್ಯ ಪುನರ್ವಿಂಗಡಣೆಯ ನಂತರ, 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಭಿನ್ನ ಭಿನ್ನ ಪ್ರಾಂತಗಳ ಪುರಸಭೆಗಳನ್ನು ಒಂದೇ ಚೌಕಟ್ಟಿಗೆ ತಂದಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಜನಸಂಖ್ಯೆ 50 ಸಾವಿರ ದಾಟಿದ ಊರು ನಗರಸಭೆಯ ದರ್ಜೆಗೆ ಏರಬಹುದು. 2011ರ ಜನಗಣತಿಯಲ್ಲಿ ಶಿರಸಿಯ ಜನಸಂಖ್ಯೆ 60 ಸಾವಿರವನ್ನು ದಾಟಿತ್ತು. ಆ ದಶಕದಲ್ಲಿಯೇ ಪುರಸಭೆ ನಗರಸಭೆಯಾಯಿತು, ಮುಖ್ಯಾಧಿಕಾರಿಯ ಸ್ಥಾನದಲ್ಲಿ ಪೌರಾಯುಕ್ತರು ಬಂದರು.

ಮಾರಿಯೂ ನೈರ್ಮಲ್ಯವೂ

ದೇವಿಯ ಮೂಲದ ಐತಿಹ್ಯ ನೀರಿನಿಂದ ಆರಂಭವಾಗುತ್ತದೆ. ಹಾನಗಲ್ಲಿನಲ್ಲಿ ಜಾತ್ರೆ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಇರಿಸಿದ್ದ ದೇವಿಯ ವಿಗ್ರಹವನ್ನು ಆಭರಣಗಳ ಸಹಿತ ಕಳ್ಳರು ಅಪಹರಿಸಿದರು. ಆಭರಣಗಳನ್ನು ಹಂಚಿಕೊಂಡು ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ಎಸೆದರು. ಬಸವನೆಂಬ ಭಕ್ತನಿಗೆ ಅದು ದೊರೆತು, ಸೋದೆಯ ಅರಸರ ಒಪ್ಪಿಗೆಯಿಂದ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರತಿಷ್ಠಾಪನೆಯಾಯಿತು ಎಂಬುದು ಪ್ರಚಲಿತ ಪಾಠ. ಆ ಕೆರೆಯೇ ಊರ ನಡುವಿನ ದೇವಿಕೆರೆ. ಐತಿಹ್ಯದ ಚಾರಿತ್ರಿಕ ಸತ್ಯಾಸತ್ಯತೆ ಇಲ್ಲಿ ಮುಖ್ಯವಲ್ಲ. ಊರಿನ ದೈವ ಊರಿನ ಸಾರ್ವಜನಿಕ ಜಲಮೂಲದಿಂದ ಎದ್ದು ಬಂದಿದೆ ಎಂಬ ತಿಳಿವಳಿಕೆ ಆ ಕೆರೆಗೆ ಕೊಟ್ಟ ರಕ್ಷಣೆ ಮುಖ್ಯವಾದುದು. ಇಂಥ ಕಥೆಯಿಲ್ಲದ ಎಷ್ಟೋ ಕೆರೆಗಳು ಕರ್ನಾಟಕದ ನಗರಗಳಲ್ಲಿ ಬಸ್ ನಿಲ್ದಾಣಗಳಾಗಿವೆ, ಕ್ರೀಡಾಂಗಣಗಳಾಗಿವೆ.

ಕರ್ನಾಟಕದ ಜನಪದ ನಂಬಿಕೆಯಲ್ಲಿ ಮಾರಿ ರೋಗವನ್ನು ತರುವವಳೂ ಹೌದು, ಕಳೆಯುವವಳೂ ಹೌದು. ಸಿಡುಬು, ಕಾಲರಾ, 19ನೆಯ ಶತಮಾನದ ಕೊನೆಗೆ ಬಂದೆರಗಿದ ಪ್ಲೇಗು ಇವೆಲ್ಲ ಅವಳ ಕಕ್ಷೆಗೆ ಸೇರಿದುವು. ಪ್ಲೇಗಮ್ಮನ ಗುಡಿಗಳು ರಾಜ್ಯದ ಹಲವೆಡೆ ಹುಟ್ಟಿಕೊಂಡದ್ದು ಇದೇ ತರ್ಕದಿಂದ. ಮಾರಿಹಬ್ಬದ ವಿಧಿಗಳನ್ನು ಗಮನಿಸಿದರೆ ಅವುಗಳ ಒಳಗೆ ಒಂದು ಊರಾಡಳಿತದ ಕ್ರಮ ಅಡಗಿರುವುದು ಕಾಣುತ್ತದೆ: ಹಬ್ಬದ ದಿನವನ್ನು ಸಾರುವುದು, ಎಲ್ಲೆಯನ್ನು ಗುರುತಿಸುವುದು, ಮನೆಮನೆಯಿಂದ ವಂತಿಗೆ ಎತ್ತುವುದು, ಕೇರಿಗಳನ್ನು ಸಾರಿಸಿ ಗುಡಿಸುವುದು, ಕೊನೆಗೆ ಮಲಿನವನ್ನು ಊರಾಚೆಗೆ ಸಾಗಿಸುವುದು. ಶಿರಸಿಯಲ್ಲಿ ಜಾತ್ರೆಗೆ ಮುನ್ನ ಮಂಗಳವಾರ ಮತ್ತು ಶುಕ್ರವಾರಗಳಂದು ದಿಕ್ಕು ದಿಕ್ಕಿಗೆ ನಡೆಯುವ ಹೊರಬೀಡುಗಳು ಈ ಎಲ್ಲೆಯ ವಿಧಿಗಳೇ. ತೆರಿಗೆ, ಗಡಿ, ಕಸ ವಿಲೇವಾರಿ ಎಂಬ ಮೂರು ಇಂದಿನ ಪರಿಕಲ್ಪನೆಗಳಿಗೆ ಹತ್ತಿರದ ಪೂರ್ವರೂಪಗಳು ಇಲ್ಲಿವೆ. ಆದರೆ ಇದನ್ನೇ ಹಿಡಿದು ‘ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು’ ಎಂದು ಬೀಗುವುದು ಸರಿಯಲ್ಲ. ಆ ಕ್ರಮದಲ್ಲಿ ಊರಾಚೆಗೆ ಸಾಗಿಸುವ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಮಾರಿಕಾಂಬಾ ದೇವಾಲಯದ ಆಚರಣೆಗಳಲ್ಲಿ ಆಸಾದಿ, ಮೇದಾರ, ವಿಶ್ವಕರ್ಮ ಮೊದಲಾದ ಸಮುದಾಯಗಳ ಮನೆತನಗಳಿಗೆ ಗೊತ್ತುಪಡಿಸಿದ ಕರ್ತವ್ಯಗಳಿವೆ. ಇವರನ್ನು ಬಾಬುದಾರರು ಎಂದು ಕರೆಯುವುದುಂಟು. ‘ಬಾಬು’ ಎಂಬುದು ಲೆಕ್ಕದ ಮಾತು. ಆಯವ್ಯಯದಲ್ಲಿ ವೆಚ್ಚದ ಒಂದೊಂದು ತಲೆಬರಹವೂ ಒಂದು ಬಾಬು, ಒಂದು ಬಾಬತ್ತು. ಊರಿನ ದುಡಿಮೆಯಲ್ಲಿ ಒಂದು ತಲೆಬರಹಕ್ಕೆ ಹೊಣೆಯಾದ ಮನೆತನ ಬಾಬುದಾರ. ಇಂದಿನ ನಗರಸಭೆಯ ಆಯವ್ಯಯದಲ್ಲಿ ಬಾಬುಗಳಿವೆ, ಆದರೆ ಒಂದೊಂದು ಬಾಬಿನ ಹಿಂದೆಯೂ ಊರಿಗೆ ಗೊತ್ತಿರುವ ಒಂದು ಮುಖವಿಲ್ಲ. ಇದು ಲಾಭವೂ ಹೌದು, ನಷ್ಟವೂ ಹೌದು. ಹುಟ್ಟಿನಿಂದ ಕೆಲಸ ನಿರ್ಧಾರವಾಗುವ ಕಟ್ಟು ಸಡಿಲಿದ್ದು ಲಾಭ. ಚರಂಡಿ ಕಟ್ಟಿದಾಗ ಯಾರನ್ನು ಕೇಳಬೇಕು ಎಂಬುದು ತಿಳಿಯದೆ ಹೋದದ್ದು ನಷ್ಟ.

ಆಚರಣೆ ತಾನೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಜಾತ್ರೆಯಲ್ಲಿ ಕೋಣದ ಬಲಿ ಇತ್ತು; 1930ರ ದಶಕದಲ್ಲಿ, ಹರಿಜನ ಯಾತ್ರೆಯ ಸಂದರ್ಭದಲ್ಲಿ 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಭೇಟಿಯಿತ್ತ ಕಾಲದ ಸುಮಾರಿಗೆ, ಅದು ನಿಂತಿತು. ಊರಿನ ಶುಚಿಯ ಕಲ್ಪನೆಯೇ ಆಗ ಹೊರಳಿತು ಎನ್ನಬಹುದು.

ಎಂಟು ದಿನಗಳ ನಗರ

ಜಾತ್ರೆ ಮಂಗಳವಾರ ರಾತ್ರಿಯ ಕಲ್ಯಾಣದಿಂದ ಆರಂಭವಾಗುತ್ತದೆ. ಬುಧವಾರ ರಥೋತ್ಸವ, ದೇವಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ, ಮುಂದಿನ ಬುಧವಾರದವರೆಗೆ ಅಲ್ಲಿಯೇ ಸೇವೆ. ಈ ಅವಧಿಯಲ್ಲಿ ಲಕ್ಷಗಟ್ಟಲೆ ಜನ ಊರಿಗೆ ಬಂದು ಹೋಗುತ್ತಾರೆ. ಪೇಟೆಯ ನಡುವಣ ಬಿಡಕಿಬೈಲು, ಅದರ ಸುತ್ತಲಿನ ಬೀದಿಗಳು, ಕೋಟೆಕೆರೆಯ ಆಸುಪಾಸು ಎಲ್ಲವೂ ಅಂಗಡಿ, ಆಟ, ನಾಟಕ, ಸರ್ಕಸ್ಸುಗಳಿಂದ ತುಂಬುತ್ತವೆ. ಅಂದರೆ ಹಳೆಯ ನಗರದ ಮೇಲೆ ಇನ್ನೊಂದು ನಗರ ಎಂಟು ಒಂಬತ್ತು ದಿನಗಳ ಮಟ್ಟಿಗೆ ಎದ್ದು ನಿಲ್ಲುತ್ತದೆ. ಅದಕ್ಕೂ ನೀರು ಬೇಕು, ಬೆಳಕು ಬೇಕು, ಶೌಚಾಲಯ ಬೇಕು, ಕಸದ ಗಾಡಿ ಬೇಕು.

ಇಲ್ಲಿ ಎರಡು ಲೆಕ್ಕಗಳ ನಡುವಣ ಬಿರುಕು ಸ್ಪಷ್ಟವಾಗಿ ಕಾಣುತ್ತದೆ. ರಾಜ್ಯದಲ್ಲಿ ಪೌರಕಾರ್ಮಿಕರ ಸಂಖ್ಯೆಯನ್ನು ನಿರ್ಧರಿಸಲು ಅನುಸರಿಸುವ ಮಾನದಂಡ ಪ್ರತಿ 700 ಜನಸಂಖ್ಯೆಗೆ ಒಬ್ಬರು ಎಂಬುದು. 60 ಸಾವಿರ ಜನರ ಊರಿಗೆ ಈ ಲೆಕ್ಕದಲ್ಲಿ ಸುಮಾರು 86 ಮಂದಿ ದೊರೆಯುತ್ತಾರೆ. ನೀರಿನ ಪೂರೈಕೆಯ ಗುರಿ ತಲಾ ದಿನಕ್ಕೆ 135 ಲೀಟರ್. ಅದೇ ಜನಸಂಖ್ಯೆಗೆ ದಿನವೊಂದಕ್ಕೆ 81 ಲಕ್ಷ ಲೀಟರ್ ಆಗುತ್ತದೆ. ಈ ಎರಡೂ ಎಣಿಕೆಗಳು ಜನಗಣತಿಯ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡವು. ಜನಗಣತಿಯಲ್ಲಿ ಜಾತ್ರೆಯ ಜನ ಇಲ್ಲ. ಹೀಗಾಗಿ ಎರಡು ವರ್ಷಕ್ಕೊಮ್ಮೆ, ಊರಿನ ಜನಸಂಖ್ಯೆಗೆ ಅಳೆದು ಕೊಟ್ಟ ಕೈಗಳು ಹಲವು ಪಟ್ಟು ಜನರ ಕಸವನ್ನು ಎತ್ತಬೇಕಾಗುತ್ತದೆ. ಹೆಚ್ಚುವರಿ ಕೂಲಿಯಾಳುಗಳನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುವುದುಂಟು. ಆದರೆ ‘ತಾತ್ಕಾಲಿಕ’ ಎಂಬ ಪದವೇ ಈ ದುಡಿಮೆಗಾರರ ಬದುಕಿನ ದೊಡ್ಡ ಗಾಯವಾಗಿತ್ತೆಂಬುದನ್ನು ಮರೆಯಬಾರದು.

ಈ ವಿಷಯದಲ್ಲಿ ಕರ್ನಾಟಕದ ಇತಿಹಾಸ ಗೌರವಕ್ಕೂ ಸಂಕೋಚಕ್ಕೂ ಕಾರಣವಾಗುವಂಥದು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಹಲವು ಭಾಗಗಳು ಆ ಮಾತನ್ನು ಯೋಚಿಸುವ ಮೊದಲೇ ನಡೆದ ಕೆಲಸ ಅದು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಾವು ವಾಸವಿದ್ದ ನೆಲೆಯಿಂದ ತೆರವಾಗುವ ಭಯದಲ್ಲಿದ್ದ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಶಿರಸಿಯಿಂದ ಸವಣೂರು ದೂರದ ಊರಲ್ಲ. 2017ರಲ್ಲಿ ಗುತ್ತಿಗೆ ಪದ್ಧತಿಯನ್ನು ಬಿಟ್ಟು ಪೌರಕಾರ್ಮಿಕರಿಗೆ ಸ್ಥಳೀಯ ಸಂಸ್ಥೆಗಳಿಂದಲೇ ನೇರ ವೇತನ ಕೊಡುವ ತೀರ್ಮಾನವನ್ನು ರಾಜ್ಯ ಸರಕಾರ ಕೈಗೊಂಡಿತು. 2022ರ ಜುಲೈ ಮುಷ್ಕರದ ನಂತರ ಸೇವೆ ಕಾಯಂ ಮಾಡುವ ಪ್ರಕ್ರಿಯೆಗೆ ಚಾಲನೆ ದೊರೆಯಿತು. ನಗರದ ಪ್ರಗತಿ ಎಂಬುದಕ್ಕೆ ಒಂದೇ ಒಂದು ಸೂಚಕವನ್ನು ಆರಿಸಿಕೊಳ್ಳಬೇಕೆಂದು ಯಾರಾದರೂ ಹಟ ಹಿಡಿದರೆ, ಜಾತ್ರೆಯ ಮರುದಿನ ಬೆಳಗ್ಗೆ ಬಿಡಕಿಬೈಲನ್ನು ಗುಡಿಸುವವರ ಕೈಯಲ್ಲಿ ಕೈಗವಸು ಇದೆಯೇ, ಅವರ ಹೆಸರು ಕಾಯಂ ಹಾಜರಿ ಪುಸ್ತಕದಲ್ಲಿ ಇದೆಯೇ ಎಂಬುದನ್ನು ಆರಿಸಿಕೊಳ್ಳುವುದು ತಪ್ಪಾಗಲಾರದು.

2020ರ ಜಾತ್ರೆ ಈ ದೃಷ್ಟಿಯಿಂದ ಪ್ರತ್ಯೇಕ ಉಲ್ಲೇಖಕ್ಕೆ ಯೋಗ್ಯ. ಆ ವರ್ಷ ಮಾರ್ಚ್ 3ರಿಂದ 11ರವರೆಗೆ ಜಾತ್ರೆ ನಡೆಯಿತು. ಜಾತ್ರೆ ಮುಗಿದ ಮೇಲೆ ದೇವಿಯ ವಿಗ್ರಹವನ್ನು ವಿಸರ್ಜಿಸಿ, ಯುಗಾದಿಯಂದು ಮತ್ತೆ ಪ್ರತಿಷ್ಠೆ ಮಾಡುವುದು ರೂಢಿ; ನಡುವೆ ಕೆಲವು ದಿನ ಪೀಠ ಬರಿದಾಗಿರುತ್ತದೆ. ಆ ವರ್ಷದ ಯುಗಾದಿ ಮಾರ್ಚ್ 25ರಂದು ಬಂದಿತು. ಕೋವಿಡ್ ಪ್ರಯುಕ್ತ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದದ್ದು ಅದೇ ದಿನ. ರೋಗದೇವತೆಯ ಮರುಪ್ರತಿಷ್ಠೆಯ ದಿನವೇ ಬೀದಿಗಳು ಬರಿದಾದವು. ಆಗಲೂ ಬೀದಿಗೆ ಇಳಿದವರು ಪೌರಕಾರ್ಮಿಕರು.

ನೇಮಿಸಿದ ಕಾವಲುಗಾರ

ಜಾತ್ರೆಯಿಲ್ಲದ ವರ್ಷದ ಬೇಡರ ವೇಷಕ್ಕೆ ಬೇರೆಯದೇ ಕಥೆಯಿದೆ. ಊರನ್ನು ಕಳ್ಳಕಾಕರಿಂದ ಕಾಯಲು ಹಿರಿಯರು ಮಲ್ಲೇಶಿಯೆಂಬ ಬೇಡ ಯುವಕನನ್ನು ನೇಮಿಸುತ್ತಾರೆ. ಮೊದಮೊದಲು ಆತ ನಿಷ್ಠೆಯಿಂದ ಕಾಯುತ್ತಾನೆ. ಬರುಬರುತ್ತ ಅಧಿಕಾರದ ಮದವೇರಿ ಊರಿನ ಹೆಣ್ಣುಮಕ್ಕಳಿಗೆ ಕಂಟಕನಾಗುತ್ತಾನೆ. ಅವನನ್ನು ತಡೆಯುವ ಎದೆ ಯಾರಿಗೂ ಇಲ್ಲ. ಕೊನೆಗೆ ರುದ್ರಾಂಬಿಕೆಯೆಂಬ ಯುವತಿ ಊರಿನ ಸಲುವಾಗಿ ಅವನ ಕೈಹಿಡಿಯುತ್ತಾಳೆ. ಹೋಳಿಯ ದಿನ ಅವನು ಕುಣಿಯುತ್ತಿರುವಾಗ ಅವನ ಕಣ್ಣಿಗೆ ಆಮ್ಲ ಎರಚುತ್ತಾಳೆ. ಕಣ್ಣು ಕಳೆದುಕೊಂಡ ಅವನನ್ನು ಜನ ಕಟ್ಟಿ ಹಾಕುತ್ತಾರೆ. ಅವನಿಗೆ ಮರಣದಂಡನೆ, ಅವಳಿಗೆ ಸಹಗಮನ. ಪಾಠಾಂತರಗಳು ಹಲವಿದ್ದರೂ ಕಥೆಯ ಬೆನ್ನೆಲುಬು ಇದೇ. ಬೆನ್ನಿಗೆ ನವಿಲುಗರಿಗಳ ದೊಡ್ಡ ಕಟ್ಟು, ಕೈಯಲ್ಲಿ ಕತ್ತಿ ಗುರಾಣಿ, ಮುಖದ ತುಂಬ ರೌದ್ರ ವರ್ಣ ಹೊತ್ತ ವೇಷಧಾರಿ ತಮಟೆಯ ಬಡಿತಕ್ಕೆ ರಾತ್ರಿಯಿಡೀ ಕುಣಿಯುತ್ತಾನೆ. ಅವನ ಸೊಂಟಕ್ಕೆ ಹಗ್ಗ. ಹಗ್ಗದ ತುದಿಗಳು ಇಬ್ಬರ ಕೈಯಲ್ಲಿ.

ಈ ಕಥೆಯನ್ನು ವೀರ ಮತ್ತು ಶೃಂಗಾರಗಳ ನೆಲೆಯಿಂದ ವಿವರಿಸಿದ ಬರೆಹಗಳುಂಟು, ಹೋಳಿಯ ಕಾಮದಹನದೊಂದಿಗೆ ಹೋಲಿಸಿದವೂ ಉಂಟು. ಆದರೆ ಇದರ ಹೃದಯ ಸ್ಥಳೀಯ ಆಡಳಿತದ ಪ್ರಶ್ನೆಯಲ್ಲಿದೆ ಎಂದು ಹೇಳಲು ಸಾಕಷ್ಟು ಆಧಾರವಿದೆ. ಮಲ್ಲೇಶಿ ಹೊರಗಿನಿಂದ ದಂಡೆತ್ತಿ ಬಂದವನಲ್ಲ. ಊರೇ ಸಂಬಳ ಕೊಟ್ಟು ಇಟ್ಟುಕೊಂಡವನು. ಬೇಲಿಯೇ ಹೊಲ ಮೇಯುವ ಗಾದೆಯನ್ನು ಬೀದಿಯಲ್ಲಿ ನಿಲ್ಲಿಸಿ ಕುಣಿಸಿದಂತಿದೆ ಈ ವೇಷ. ಊರು ತಾನು ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವ ದಾರಿ ಕಾಣದೆ ಒಬ್ಬ ಹೆಣ್ಣುಮಗಳ ಬದುಕನ್ನು ತೆತ್ತಿತು ಎಂಬುದು ಕಥೆ ಮುಚ್ಚಿಡದ ಸತ್ಯ. ರುದ್ರಾಂಬಿಕೆಯ ತ್ಯಾಗವನ್ನು ಕೊಂಡಾಡುವ ಭರದಲ್ಲಿ, ಅದಕ್ಕೂ ಮುನ್ನ ಸುಮ್ಮನಿದ್ದ ಹಿರಿಯರ ಸಭೆಯನ್ನು ಮರೆಯುವುದು ಸುಲಭ. ವೇಷಧಾರಿಯ ಸೊಂಟದ ಹಗ್ಗವನ್ನು ಕೇವಲ ರಂಗತಂತ್ರವೆಂದು ಬಗೆಯದೆ, ಅಂದು ಇಲ್ಲದಿದ್ದ ಆ ಕಟ್ಟನ್ನು ಇಂದಿನ ಊರು ತಾನೇ ಹಿಡಿದಿರುವ ರೀತಿಯೆಂದು ನೋಡಲು ಸಾಧ್ಯವಿದೆ.

ವೇಷ ಕಟ್ಟುವ ಕೆಲಸ ಕೇರಿ ಕೇರಿಗಳದು. ಒಂದೊಂದು ಬಡಾವಣೆಯ ತರುಣರು ಹಣ ಕೂಡಿಸುತ್ತಾರೆ, ವೇಷಧಾರಿಯನ್ನು ಸಜ್ಜುಗೊಳಿಸುತ್ತಾರೆ, ರಾತ್ರಿಯ ಮಾರ್ಗವನ್ನು ಗೊತ್ತುಪಡಿಸುತ್ತಾರೆ. ಸಂವಿಧಾನದ 243-ಎಸ್ ವಿಧಿ ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಶಿರಸಿಯಂಥ ಸಣ್ಣ ನಗರಗಳಿಗೆ ಆ ಕಡ್ಡಾಯವಿಲ್ಲ. ಜನ ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲ, ಕೇರಿಯ ಮಟ್ಟದಲ್ಲಿ ಈಗಾಗಲೇ ಸಂಘಟಿತರಾದ ಊರುಗಳನ್ನೇ ಕಾನೂನು ಹೊರಗಿಟ್ಟಿರುವುದು ವಿಚಿತ್ರವೆನಿಸುತ್ತದೆ.

ಅಧಿಕಾರವನ್ನು ಕೊಡುವ ಮತ್ತು ಹಿಂಪಡೆಯುವ ವಿಷಯದಲ್ಲಿ ಇತ್ತೀಚಿನ ಇತಿಹಾಸವೂ ನೆಮ್ಮದಿಯದಲ್ಲ. 2018ರ ಆಗಸ್ಟ್ ಕೊನೆಗೆ ಶಿರಸಿಯೂ ಸೇರಿದಂತೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದ ಸದಸ್ಯರು 2020ರ ಕೊನೆಯ ತಿಂಗಳುಗಳವರೆಗೆ ಅಧ್ಯಕ್ಷರಿಲ್ಲದೆ ಕಾಯಬೇಕಾಯಿತು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ಈ ಎರಡು ತೆರಪುಗಳಲ್ಲಿ ಆಡಳಿತಾಧಿಕಾರಿಗಳ ಮೇಲ್ವಿಚಾರಣೆ ಇತ್ತು. ಶಿರಸಿಯ ಪಂಚಾಂಗದೊಡನೆ ಈ ದಿನಾಂಕಗಳನ್ನು ಹೊಂದಿಸಿ ನೋಡಿದರೆ, 2020ರ ಮತ್ತು 2024ರ ಜಾತ್ರೆಗಳೆರಡೂ ನಗರಸಭೆಯಲ್ಲಿ ಚುನಾಯಿತ ಅಧ್ಯಕ್ಷರಿಲ್ಲದ ಕಾಲದಲ್ಲಿಯೇ ನಡೆದುಹೋದವು ಎಂಬುದು ತಿಳಿಯುತ್ತದೆ. ಬಾಬುದಾರ ಮನೆತನಗಳ ಪೈಕಿ ಒಂದು ತನ್ನ ಸರದಿಗೆ ಬಾರದೆ ಇದ್ದಿದ್ದರೆ ಊರು ಆ ಮಾತನ್ನು ಮುಂದಿನ ಜಾತ್ರೆಯವರೆಗೂ ಆಡುತ್ತಿತ್ತು. ನಗರಸಭೆಯ ಅಧ್ಯಕ್ಷ ಪೀಠ ಬರಿದಾಗಿದ್ದುದು ಅಷ್ಟಾಗಿ ಯಾರ ಮಾತಿಗೂ ಬರಲಿಲ್ಲ.

ಮಳೆ, ಕೆರೆ, ಖಾತೆ

ಸೇವೆಗಳ ಅಳತೆಗೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಮಾನದಂಡಗಳ ಕೈಪಿಡಿಯೊಂದನ್ನು ಹೊರತಂದಿತು. ನೀರು ಪೂರೈಕೆ, ಒಳಚರಂಡಿ, ಘನತ್ಯಾಜ್ಯ, ಮಳೆನೀರ ಚರಂಡಿ ಎಂಬ ನಾಲ್ಕು ವಿಭಾಗಗಳಲ್ಲಿ ಒಟ್ಟು 28 ಸೂಚಕಗಳು. 13ನೆಯ ಹಣಕಾಸು ಆಯೋಗ ಈ ಗುರಿಗಳನ್ನು ವರ್ಷವರ್ಷವೂ ಪ್ರಕಟಿಸುವುದನ್ನು ಸಾಧನಾ ಅನುದಾನದ ಒಂದು ಷರತ್ತಾಗಿಸಿತು. ಪುರಸಭೆಗಳು ತಮ್ಮ ಸಾಧನೆಯನ್ನು ಅಂಕಿಗಳಲ್ಲಿ ಊರಿನ ಮುಂದಿಡುವ ರೂಢಿಗೆ ಇದರಿಂದ ಬಲ ಬಂದಿತು, ಒಳ್ಳೆಯ ಕೆಲಸವೆನ್ನಲೇಬೇಕು. ಆದರೆ ಆ 28ರಲ್ಲಿ ಮಳೆನೀರಿಗೆ ಮೀಸಲಾದವು ಎರಡೇ. ಮುಂಗಾರಿನ ನಾಲ್ಕು ತಿಂಗಳು ಬಿಡದೆ ಸುರಿಯುವ ಸಹ್ಯಾದ್ರಿಯ ನೆತ್ತಿಯ ಊರಿಗೂ ಬರಗಾಲದ ಬಯಲಿನ ಊರಿಗೂ ಒಂದೇ ಅಳತೆ.

ಶಿರಸಿಯ ನೀರಿನ ಕಥೆಯ ವೈಪರೀತ್ಯ ಇರುವುದೂ ಇಲ್ಲಿಯೇ. ನಗರಕ್ಕೆ ಕೆಂಗ್ರೆ ಮತ್ತು ಮಾರಿಗದ್ದೆಯ ಹೊಳೆಗಳಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವ ಈ ಹೊಳೆಗಳು ಬೇಸಗೆಯಲ್ಲಿ ಸೊರಗುತ್ತವೆ. ಜಾತ್ರೆ ಬರುವುದು ಸರಿಯಾಗಿ ಆ ಸೊರಗು ಆರಂಭವಾಗುವ ಹೊತ್ತಿಗೆ. 2016–17ರ ಬರಗಾಲದಲ್ಲಿ ಮಲೆನಾಡಿನ ಊರುಗಳೂ ಟ್ಯಾಂಕರಿಗೆ ಕಾದವು. ಆ ಅನುಭವದ ಬೆನ್ನಲ್ಲಿ, 2017ರ ಸುಮಾರಿಗೆ, ಶಿರಸಿಯ ನಾಗರಿಕರು ‘ಜೀವಜಲ ಕಾರ್ಯಪಡೆ’ ಕಟ್ಟಿಕೊಂಡು ನಗರದ ಮತ್ತು ಸುತ್ತಲಿನ ಹೂಳು ತುಂಬಿದ ಕೆರೆಗಳನ್ನು ತಾವೇ ನಿಂತು ಹೂಳೆತ್ತಿಸಿದರು. ದೇಣಿಗೆಯಿಂದ, ಶ್ರಮದಾನದಿಂದ ನಡೆದ ಈ ಕಾರ್ಯ ಕಡತದ ಭಾಷೆಯಲ್ಲಿ ಸಾರ್ವಜನಿಕ ಸಹಭಾಗಿತ್ವ. ಊರಿನ ಭಾಷೆಯಲ್ಲಿ ವಂತಿಗೆ. ದೇವಿಕೆರೆಯ ಐತಿಹ್ಯ ಕೇಳಿ ಬೆಳೆದ ಜನಕ್ಕೆ ಕೆರೆಗಾಗಿ ಹಣ ಕೊಡುವುದು ಹೊಸ ವಿಚಾರವಾಗಿರಲಿಲ್ಲ. ಆದರೂ ಒಂದು ಎಚ್ಚರಿಕೆ ಅಗತ್ಯ: ವಂತಿಗೆಯ ಉತ್ಸಾಹ ಒಂದು ಬೇಸಗೆಯದು, ಕೆರೆಗೆ ಹರಿದು ಬರುವ ಕಾಲುವೆಯ ನಿರ್ವಹಣೆ ಪ್ರತಿವರ್ಷದ್ದು. ಎರಡನೆಯದಕ್ಕೆ ತೆರಿಗೆಯೇ ಆಧಾರ.

ತೆರಿಗೆಯ ವಿಷಯಕ್ಕೆ ಬಂದರೆ, 2002ರಿಂದ ಕರ್ನಾಟಕದ ಪುರಸಭೆಗಳಲ್ಲಿ ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂದಿತು. ಮನೆಯ ಮಾಲೀಕರೇ ವಿಸ್ತೀರ್ಣ ಅಳೆದು, ತೆರಿಗೆ ಲೆಕ್ಕ ಹಾಕಿ ಪಾವತಿಸುವ ಕ್ರಮ. ಏಪ್ರಿಲ್ ತಿಂಗಳಲ್ಲಿಯೇ ಕಟ್ಟುವವರಿಗೆ ಶೇಕಡಾ 5ರ ರಿಯಾಯಿತಿ. 2006ರ ನಿಯಮಗಳಿಂದ ಜೋಡಿ ನಮೂದಿನ ಲೆಕ್ಕಪದ್ಧತಿ ಬಂದಿತು. 2011ರ ಸಕಾಲ ಅಧಿನಿಯಮ ಜನನ ಪ್ರಮಾಣಪತ್ರ, ಖಾತೆ ಬದಲಾವಣೆ ಮೊದಲಾದವಕ್ಕೆ ದಿನಗಳ ಗಡುವು ಹಾಕಿತು. ಈ ಮೂರು ಸುಧಾರಣೆಗಳ ಫಲವಾಗಿ ಗುಮಾಸ್ತನ ಮೇಜಿನ ಮುಂದೆ ನಿಲ್ಲುವ ಸಾಮಾನ್ಯ ಮನುಷ್ಯನ ಹೊತ್ತು ಉಳಿದಿದೆಯೆಂಬುದನ್ನು ಒಪ್ಪಬೇಕು.

ಉಳಿದಿರುವ ತೊಡಕು ಎಲ್ಲೆಯದು. ಉತ್ತರ ಕನ್ನಡ ಜಿಲ್ಲೆಯ ಭೂಭಾಗದ ಬಹುಪಾಲು ಅರಣ್ಯ. ಊರು ಬೆಳೆಯಬೇಕಾದರೆ ಗದ್ದೆಯನ್ನೋ ತೋಟದ ಅಂಚಿನ ಬೆಟ್ಟವನ್ನೋ ಕಾಡಿನ ಸೆರಗನ್ನೋ ಹಿಡಿಯಬೇಕು. ಹೀಗೆ ಬೆಳೆದ ಭಾಗಗಳ ಮನೆಗಳಿಗೆ ವಿದ್ಯುತ್ತು ಬರುತ್ತದೆ, ಮತದಾರರ ಚೀಟಿ ಬರುತ್ತದೆ, ಖಾತೆ ಬರುವುದಿಲ್ಲ. ಖಾತೆಯಿಲ್ಲದ ಮನೆ ತೆರಿಗೆಯ ಬೇಡಿಕೆಯಲ್ಲಿಲ್ಲ. ಬೇಡಿಕೆಯಲ್ಲಿಲ್ಲದ್ದು ವಸೂಲಿಯ ಶೇಕಡಾವಾರಿನಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ವಸೂಲಿ ಚೆನ್ನಾಗಿದೆಯೆಂದು ವರದಿ ಹೇಳುತ್ತಿರುವಾಗಲೇ ಊರಿನ ಒಂದು ಭಾಗ ಲೆಕ್ಕದ ಹೊರಗೆ ಉಳಿದಿರಬಹುದು. 2025ರ ಆರಂಭದಲ್ಲಿ ರಾಜ್ಯ ಸರಕಾರ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಹಮ್ಮಿಕೊಂಡದ್ದು ಈ ತೊಡಕಿಗೆ ಒಂದು ಮಟ್ಟಿನ ಉತ್ತರ. ಅರಣ್ಯ ಭೂಮಿಯ ಮನೆಗಳ ಪ್ರಶ್ನೆ 2006ರ ಅರಣ್ಯ ಹಕ್ಕು ಕಾಯಿದೆಯ ಕಡೆಗೆ ಹೊರಳುತ್ತದೆ. ಅದು ನಗರಸಭೆಯ ಕೈಗೆ ಮೀರಿದ್ದು. ಹೊರಬೀಡಿನ ವಿಧಿ ಗುರುತಿಸುವ ಊರಿನ ಎಲ್ಲೆಗೂ ಕಂದಾಯ ನಕ್ಷೆಯ ಎಲ್ಲೆಗೂ ವಾಸ್ತವದಲ್ಲಿ ಜನ ಬದುಕುತ್ತಿರುವ ಎಲ್ಲೆಗೂ ತಾಳೆಯಿಲ್ಲದೆ ಇರುವುದು ಬೆಳೆಯುತ್ತಿರುವ ಊರಿನ ಸಹಜ ಲಕ್ಷಣ. ಆದರೆ ಚರಂಡಿಯ ಗೆರೆಯನ್ನು ಎಳೆಯುವಾಗ ಯಾವ ಎಲ್ಲೆಯನ್ನು ಹಿಡಿಯಬೇಕೆಂಬುದನ್ನು ಯಾರಾದರೂ ನಿರ್ಧರಿಸಲೇಬೇಕು.

ಜಾನಪದ ಅಧ್ಯಯನಕ್ಕೆ ಪುರಸಭೆಯ ದಾಖಲೆಗಳು ಎಷ್ಟು ಬೆಲೆಯುಳ್ಳವು ಎಂಬುದರ ಕಡೆಗೆ ವಿದ್ವಾಂಸರ ಗಮನ ಇನ್ನೂ ಸಾಕಷ್ಟು ಹರಿದಿಲ್ಲ. ಹಾಡು, ಕಥೆ, ಆಚರಣೆಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯದಲ್ಲಿ ದೇವಾಲಯಕ್ಕೆ ಹೋದಷ್ಟು ಸಲ ಪುರಸಭೆಯ ದಾಖಲೆ ಕೋಣೆಗೆ ಹೋಗುವುದಿಲ್ಲ. ಜಾತ್ರೆಯ ಜಾಗದ ಹರಾಜು, ಲಾಂದ್ರದ ಎಣ್ಣೆಯ ಖರ್ಚು, ಸಿಡುಬಿನ ಕಾಲದ ತಾತ್ಕಾಲಿಕ ಆಸ್ಪತ್ರೆ, ಕೇರಿಗೊಂದು ಬಾವಿ ತೋಡಿಸುವ ಜಗಳ ಇಂಥವು ಹಳೆಯ ಪುರಸಭೆಗಳ ಠರಾವು ಪುಸ್ತಕಗಳಲ್ಲಿ ಎಡೆ ಪಡೆಯುವ ಸಂಗತಿಗಳು. ಆಸ್ತಿ ದಾಖಲೆಗಳನ್ನು ಗಣಕೀಕರಿಸುವಲ್ಲಿ ರಾಜ್ಯದ ಸ್ಥಳೀಯ ಸಂಸ್ಥೆಗಳು ತೋರಿದ ಆಸ್ಥೆಯನ್ನು ಠರಾವು ಪುಸ್ತಕಗಳ ವಿಷಯದಲ್ಲಿ ತೋರಿಲ್ಲ. ಮಲೆನಾಡಿನ ಥಂಡಿಗೆ, ಗೆದ್ದಲಿಗೆ ಕಾಗದ ಹೆಚ್ಚು ಕಾಲ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯದ ಜಾನಪದ ವಿಭಾಗವೊಂದು ಒಂದೆರಡು ಸಣ್ಣ ನಗರಗಳ ಈ ಪುಸ್ತಕಗಳನ್ನು ಛಾಯಾಪ್ರತಿ ಮಾಡಿಸುವ ಯೋಜನೆಯನ್ನು ಕೈಗೆತ್ತಿಕೊಂಡರೆ, ಶಿರಸಿಯಂಥ ಊರಿನಿಂದ ಆರಂಭಿಸುವುದು ಯುಕ್ತವಾದೀತು. ಜಾತ್ರೆಯಿಲ್ಲದ ವರ್ಷದಲ್ಲಿ ಕಚೇರಿಯ ಸಿಬ್ಬಂದಿಗೆ ಅದಕ್ಕೆ ಒಂದಿಷ್ಟು ಬಿಡುವೂ ಸಿಕ್ಕೀತು.